ಅಪ್ಪನ ಮಿಲಿಟರಿ ಜೀಪಿನಲ್ಲಿ ಅವ್ವನ ತವರಿಗೆ

“80 ವರ್ಷದ ಹಳೇ ಜೀಪು, 80 ದಾಟಿದ ತಾಯಿ. ಎರಡನ್ನೂ ಕಟ್ಟಿಕೊಂಡು ಪ್ರವಾಸ ಹೊರಟಿದ್ದೀಯಲ್ಲ, ದಾರಿಯಲ್ಲಿ ಯಾರು ಮೊದಲು ಕೂತುಬಿಟ್ಟರೆ ಏನು ಮಾಡುತ್ತೀ?” ಎಂದು ನಮ್ಮ ಮನೆಯವರು ತಮಾಷೆ ಮಾಡಿದರು. ನಾನು ಉತ್ತರ ಕೊಡಲಿಲ್ಲ. ಸಂಕ್ರಾಂತಿಗೆಂದು ದಾವಣಗೆರೆಯಿಂದ ತವರಿಗೆ ಹೊರಟವಳು ಬ್ಯಾಗಿನಲ್ಲಿ ಎರಡು ಸೀರೆ ಹೆಚ್ಚಿಗೆ ಇಟ್ಟುಕೊಂಡೆ, ಅಷ್ಟೆ.

ಬೈಲಹೊಂಗಲ ತಾಲ್ಲೂಕಿನ ಒಂದು ಸಣ್ಣ ಹಳ್ಳಿ ನನ್ನ ತವರು. ಅವ್ವನ ತವರು ರಾಮದುರ್ಗ. ಕಾಲು ನೋವಿನಿಂದಾಗಿ ಅವ್ವ ನಾಲ್ಕೈದು ವರ್ಷಗಳಿಂದ ಊರು ಬಿಟ್ಟು ಹೊರಗೆ ಹೋಗಿರಲಿಲ್ಲ. ಕಾರು ಕಳಿಸುತ್ತೇವೆ ಎಂದರೆ “ಬ್ಯಾಡವಾ, ಅದರಾಗ ಉಸಿರು ಕಟ್ಟತೈತಿ” ಎನ್ನುವಳು. ಹಾಗಿದ್ದವಳು ತಮ್ಮ ಫೋನು ಮಾಡಿ “ಅಕ್ಕಾ, ಜೀಪ್ ಚಾಲೂ ಆತು” ಎಂದ ದಿನ ತಾನೇ ಫೋನು ಕಸಿದುಕೊಂಡು, “ನೀ ಬಾ, ರಾಮದುರ್ಗಕ್ಕ ಹೋಗಿಬರೂಣು” ಎಂದಳು. ಪ್ರವಾಸ ನಿಶ್ಚಯವಾದದ್ದು ಹೀಗೆ.

ಕೊಟ್ಟಿಗೆಯಲ್ಲಿದ್ದ ಸಿಪಾಯಿ

ಈ ಜೀಪಿನ ವಿಷಯ ಮೊದಲು ಹೇಳಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಿಂದ 1945ರವರೆಗೆ, ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಒಂದೇ ನಮೂನೆಯ ಜೀಪುಗಳನ್ನು ಆರು ಲಕ್ಷಕ್ಕೂ ಮೀರಿ ತಯಾರಿಸಿದವು. ಅವು ದೇಶದೇಶಗಳ ರಣರಂಗಗಳಿಗೆ ಹೋದವು. ಯುದ್ಧ ಮುಗಿದ ಮೇಲೆ ನಮ್ಮ ದೇಶದಲ್ಲಿ ಉಳಿದ ಗಾಡಿಗಳಲ್ಲಿ ಕೆಲವು ಸೈನ್ಯದಲ್ಲೇ ದುಡಿದವು, ಕೆಲವು ಹರಾಜಾಗಿ ಜನರ ಕೈಗೆ ಬಂದವು. ನಮ್ಮ ಕಡೆ ಇಂಥವಕ್ಕೆ ‘ಡಿಸ್ಪೋಜಲ್ ಗಾಡಿ’ ಎನ್ನುತ್ತಾರೆ. ಬೆಳಗಾವಿ ಹಿಂದಿನಿಂದಲೂ ದಂಡಿನ ಊರು. ಮರಾಠಾ ಲಘು ಪದಾತಿದಳದ ಕೇಂದ್ರ ಅಲ್ಲಿದೆ. 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಗೆ ಹೊರಟ ಸೈನ್ಯ ಜಮಾಯಿಸಿದ್ದೂ ಬೆಳಗಾವಿಯ ಸುತ್ತಲೇ. ಹೀಗಾಗಿ ನಮ್ಮ ಭಾಗದ ರೈತರಿಗೆ ಮಿಲಿಟರಿ ಗಾಡಿ ಅಪರೂಪದ ವಸ್ತುವಲ್ಲ.

ಅಪ್ಪ 1968ರಲ್ಲಿ ಬೆಳಗಾವಿಯ ಒಬ್ಬರಿಂದ ಇದನ್ನು ಕೊಂಡು ತಂದರು. ನಮ್ಮದು ಎರಿ ಭೂಮಿ. ಮಳೆಗಾಲದಲ್ಲಿ ಚಕ್ಕಡಿಯ ಗಾಲಿ ಅಚ್ಚಿನವರೆಗೆ ಹೂತುಹೋಗುವಂಥ ಜಿಗುಟು ಮಣ್ಣು. ನಾಲ್ಕು ಗಾಲಿಗೂ ಎಂಜಿನ್ನಿನ ಬಲ ಸಿಗುವ ಜೀಪು ಮಾತ್ರ ಆ ದಾರಿಯಲ್ಲಿ ಹೋಗಬಲ್ಲದು. ಅಮೆರಿಕದ ಗಾಡಿಯಾದ್ದರಿಂದ ಸ್ಟಿಯರಿಂಗು ಎಡಗಡೆ. ಮುಂದಿನ ಲಾರಿಯನ್ನು ಹಿಂದೆ ಹಾಕಬೇಕಾದರೆ ಎದುರು ಏನು ಬರುತ್ತಿದೆಯೆಂದು ಅಪ್ಪನಿಗೆ ಕಾಣದು. ಬಲಗಡೆ ಕೂತ ಅವ್ವ ಇಣುಕಿ ನೋಡಿ “ಹೋಗ್ರಿ” ಎಂದರೆ ಹೋಗಬೇಕು, “ತಡೀರಿ” ಎಂದರೆ ತಡೆಯಬೇಕು. “ನಮ್ಮ ಮನೀ ಕಾರಭಾರ ಹೆಂಗ ನಡೀತೈತಿ ಅಂತ ಜೀಪ್ ನೋಡಿ ತಿಳ್ಕೋರಿ” ಎಂದು ಅಪ್ಪ ಬಂದವರೆದುರು ನಗುತ್ತಿದ್ದರು.

1971ರ ಶ್ರಾವಣದ ಒಂದು ರಾತ್ರಿ ಅವ್ವನಿಗೆ ಹೆರಿಗೆ ನೋವು ಶುರುವಾಯಿತು. ಸೂಲಗಿತ್ತಿ “ಇದು ನನ್ನ ಕೈಲೆ ಆಗೂದಲ್ಲ, ದವಾಖಾನಿಗೆ ಒಯ್ರಿ” ಎಂದುಬಿಟ್ಟಳು. ಹೊರಗೆ ಧೋ ಎಂದು ಮಳೆ. ಜೀಪಿನ ಹಿಂಬದಿ ನೆಲದಿಂದ ಸೊಂಟದೆತ್ತರ. ನೋವು ತಿನ್ನುತ್ತಿದ್ದ ಅವ್ವನಿಗೆ ಏರಲು ಬರಲಿಲ್ಲ. ನಾಲ್ವರು ಹೆಂಗಸರು ಜೋಳದ ಚೀಲ ಎತ್ತಿದಂತೆ ಎತ್ತಿ ಹಾಕಿದರು. ದಾರಿಯಲ್ಲಿ ಹಳ್ಳದ ಹತ್ತಿರ ಎಂಜಿನ್ನು ನಿಂತಿತು. ಈ ಯುದ್ಧದ ಜೀಪುಗಳಲ್ಲಿ ಒಂದು ಸೋಜಿಗವಿದೆ: ಬಾನೆಟ್ಟು ಎತ್ತಿ ಹೆಡ್‌ಲೈಟನ್ನು ಹಿಂದಕ್ಕೆ ಹೊರಳಿಸಬಹುದು. ರಾತ್ರಿ ರಿಪೇರಿಗೆ ಬೆಳಕು ಎಂಜಿನ್ನಿನ ಮೇಲೇ ಬೀಳುತ್ತದೆ. ಅಪ್ಪ ಆ ಬೆಳಕಿನಲ್ಲಿ ನೀರು ಸಿಡಿದಿದ್ದ ಪ್ಲಗ್ಗಿನ ವಾಯರುಗಳನ್ನು ಒರೆಸಿ ಗಾಡಿ ಹೊರಡಿಸಿದರು. ಬೈಲಹೊಂಗಲದ ದವಾಖಾನೆಯಲ್ಲಿ ಬೆಳಗಿನ ಜಾವ ತಮ್ಮ ಹುಟ್ಟಿದ.

ಅದಾದ ವಾರದೊಳಗೆ ಅಪ್ಪ ನಮ್ಮೂರ ಕಮ್ಮಾರನಿಂದ ಜೀಪಿನ ಹಿಂಬದಿಗೆ ಒಂದು ಮೆಟ್ಟಿಲು ಮಾಡಿಸಿದರು. ಮುರಿದ ಚಕ್ಕಡಿ ಗಾಲಿಯ ಕಬ್ಬಿಣದ ಹಳಿಯನ್ನು ಕಾಸಿ ಬಗ್ಗಿಸಿ, ರಿವೆಟ್ ಹೊಡೆದು ಕೂಡಿಸಿದ ಮೆಟ್ಟಿಲು. ಪಕ್ಕದಲ್ಲಿ ಹಿಡಿದುಕೊಳ್ಳಲು ಒಂದು ಕಬ್ಬಿಣದ ಹಿಡಿ. ಅಲ್ಲಿಂದ ಮುಂದೆ ಊರ ಹೆಣ್ಣುಮಕ್ಕಳ ಎಷ್ಟೋ ಹೆರಿಗೆಗಳಿಗೆ ಆ ಜೀಪೇ ಆಂಬುಲೆನ್ಸ್. ಅವ್ವ ಈಗಲೂ ಮಕ್ಕಳ ಹೆಸರು ಹಿಡಿದು ಎಣಿಸುತ್ತಾಳೆ. ಎಣಿಕೆ ಇಪ್ಪತ್ತೇಳಕ್ಕೆ ಬಂದು ನಿಲ್ಲುತ್ತದೆ.

ರಸ್ತೆ ಬಂತು, ಟೆಂಪೊ ಬಂತು, ಅಪ್ಪನಿಗೆ ವಯಸ್ಸಾಯಿತು. ಜೀಪು ಕೊಟ್ಟಿಗೆ ಸೇರಿತು. ಅಪ್ಪ ಹೋದ ಮೇಲಂತೂ ಅದರ ಸೀಟಿನ ಮೇಲೆ ಕೋಳಿ ಮೊಟ್ಟೆಯಿಡುತ್ತಿತ್ತು.

ಭಾನುವಾರದ ಮಂಡಳಿ

ಮೂರು ವರ್ಷದ ಹಿಂದೆ ತಮ್ಮನಿಗೆ ಹುಚ್ಚು ಹಿಡಿಯಿತು. ಅವನೊಬ್ಬನಿಗೇ ಅಲ್ಲ. ಹೈಸ್ಕೂಲಿನ ಒಬ್ಬ ಮಾಸ್ತರು, ಲೇತ್ ಮಶೀನಿನ ಒಬ್ಬ ಯಜಮಾನರು, ಒಬ್ಬ ಪೇಂಟರು, ಸೈನ್ಯದ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದ ಒಬ್ಬ ಹವಾಲ್ದಾರ್ ಕಾಕಾ, ಹೀಗೆ ಐದು ಜನರ ಮಂಡಳಿ. ಭಾನುವಾರ ಬಂದರೆ ನಮ್ಮ ಕೊಟ್ಟಿಗೆಯಲ್ಲಿ ಹಾಜರು. ಮಾಸ್ತರರ ಬಳಿ ಎತ್ತರ ಬಾನೆಟ್ಟಿನ ಹಳೆಯ ಮಹೀಂದ್ರ ಜೀಪಿದೆ. ಕಾಕಾನ ಬಳಿ ಒಂದು ಜೋಂಗಾ. 1969ರಿಂದ ಜಬಲ್ಪುರದ ಕಾರ್ಖಾನೆಯಲ್ಲಿ ಜಪಾನಿನ ನಿಸ್ಸಾನ್ ನಮೂನೆಯ ಮೇಲೆ ನಮ್ಮ ಸೈನ್ಯಕ್ಕಾಗಿ ತಯಾರಾದ ಗಾಡಿ ಅದು. ನೀರು ಕುಡಿದಂತೆ ಪೆಟ್ರೋಲು ಕುಡಿಯುತ್ತದೆ. “ಪೆನ್ಶನ್ ನನಗ ಬರತೈತಿ, ಉಣ್ಣೂದು ಜೋಂಗಾ” ಎನ್ನುತ್ತಾರೆ ಕಾಕಾ.

ಗಂಡಸರ ಈ ಹವ್ಯಾಸದಲ್ಲಿ ನಮ್ಮ ಅಡಿಗೆಮನೆಯ ಪಾಲೂ ಉಂಟು. ತುಕ್ಕು ಬಿಡಿಸಲು ಅವರು ಬಳಸಿದ್ದು ಕಾಕಂಬಿ! ದನದ ಮೇವಿಗೆಂದು ತಂದ ಕಾಕಂಬಿಯನ್ನು ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿ, ಡ್ರಮ್ಮಿನಲ್ಲಿ ತುಂಬಿ, ತುಕ್ಕು ಹಿಡಿದ ಕಬ್ಬಿಣದ ಭಾಗಗಳನ್ನು ಎರಡು ವಾರ ಮುಳುಗಿಸಿಡುವುದು. ತೆಗೆದು ನೀರಿನಿಂದ ತೊಳೆದರೆ ತುಕ್ಕು ಕೆಸರಿನಂತೆ ಇಳಿದು, ಕೆಳಗಿನ ಬೂದುಬಣ್ಣದ ಗಟ್ಟಿ ಕಬ್ಬಿಣ ಕಾಣುತ್ತದೆ. ತೊಳೆದ ಕೂಡಲೇ ಒಣಗಿಸಿ ಎಣ್ಣೆ ಸವರಬೇಕು, ಇಲ್ಲವಾದರೆ ಮರುದಿನವೇ ಮತ್ತೆ ತುಕ್ಕು. ಅಲ್ಯುಮಿನಿಯಂ ಭಾಗ ಮಾತ್ರ ಅದರಲ್ಲಿ ಹಾಕಬಾರದು, ಸವೆದು ಹಾಳಾಗುತ್ತದೆ. ವಾಸನೆಯ ಮಾತು ಕೇಳಬೇಡಿ! ಅತ್ತಿಗೆ ಎರಡು ತಿಂಗಳು ಮೂಗಿಗೆ ಸೆರಗು ಹಿಡಿದುಕೊಂಡೇ ಹಿತ್ತಲಿಗೆ ಹೋಗುತ್ತಿದ್ದಳಂತೆ. ಹಿತ್ತಾಳೆಯ ಸಣ್ಣ ಭಾಗಗಳಿಗೆ ಅವ್ವನ ಹುಣಸೆಹಣ್ಣು, ಬಿಗಿದು ಕೂತ ಬೋಲ್ಟಿಗೆ ಸೀಮೆಎಣ್ಣೆ. ಕಾಲೇಜು ಓದುವ ತಮ್ಮನ ಮಗಳು ಕಾರ್ಬೊರೇಟರ್ ಬಿಚ್ಚಿ ಕೂಡಿಸುವುದನ್ನು ಕಲಿತಳು. ಅವಳ ಸಣ್ಣ ಬೆರಳು ಹೋಗುವ ಜಾಗಕ್ಕೆ ಇವರ ಕೈ ಹೋಗುತ್ತಿರಲಿಲ್ಲ. ಸಿಗದ ಸಾಮಾನನ್ನು ಬೆಳಗಾವಿಯ ಉದ್ಯಮಬಾಗಿನಲ್ಲಿ ಎರಕ ಹೊಯ್ಯಿಸಿ, ಲೇತಿನಲ್ಲಿ ಕಡೆದರು.

ಬಿಚ್ಚುತ್ತ ಹೋದಂತೆ ಒಂದು ಗುಟ್ಟು ಹೊರಬಿತ್ತು. ಇದು ವಿಲ್ಲಿಸ್ ಎಂದೇ ಎಲ್ಲರೂ ತಿಳಿದಿದ್ದರು. ಆದರೆ ಫೋರ್ಡ್ ಕಂಪನಿಯವರು ತಮ್ಮ ಬೋಲ್ಟು-ಬ್ರಾಕೆಟ್ಟುಗಳ ಮೇಲೆಲ್ಲ ‘ಎಫ್’ ಅಕ್ಷರ ಒತ್ತುತ್ತಿದ್ದರು. ಚೆಸ್ಸಿಯಲ್ಲಿ ಅಂಥ ಅಕ್ಷರಗಳು ಸಾಲಾಗಿ ಸಿಕ್ಕವು. ಅಂದರೆ ಚೆಸ್ಸಿ ಫೋರ್ಡಿನದು, ಎಂಜಿನ್ನು ವಿಲ್ಲಿಸಿನದು, ಗೇರ್‌ಬಾಕ್ಸು ಯಾವಾಗಲೋ ಬದಲಾದ ಮಹೀಂದ್ರದ್ದು. ತಮ್ಮನ ಮುಖ ಬಾಡಿತು. ಕಾಕಾ ಮಾತ್ರ ನಕ್ಕರು: “ತಮ್ಮಾ, ದಂಡಿನ ವರ್ಕ್‌ಶಾಪಿನಾಗ ಹತ್ತು ಗಾಡಿ ಕೂಡೇ ಬಿಚ್ಚತಿದ್ವಿ. ಯಾವ ಎಂಜಿನ್ ಮೊದಲ ತಯಾರಾತೋ ಅದು ಮುಂದಿನ ಗಾಡಿಗೆ. ಲಡಾಯಿಗೆ ಹೋಗೂ ಗಾಡಿಗೆ ಜಾತಿ ಕೇಳಾಕ ಬರೂದಿಲ್ಲ.”

ಯಾವ ಬಣ್ಣ, ಯಾವ ಕಾಲ?

ಜಗಳ ಹತ್ತಿದ್ದು ಬಣ್ಣದ ವಿಷಯಕ್ಕೆ. ಮಂಡಳಿಯವರಿಗೆಲ್ಲ ಮಿಲಿಟರಿ ಹಸಿರೇ ಬೇಕು. ಆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 121ನೆಯ ನಿಯಮ ಸ್ಪಷ್ಟವಾಗಿದೆ: ರಕ್ಷಣಾ ಇಲಾಖೆಯ ಗಾಡಿಗಳ ಹೊರತು ಬೇರೆ ಯಾವ ವಾಹನಕ್ಕೂ ಆಲಿವ್ ಹಸಿರು ಬಳಿಯುವಂತಿಲ್ಲ. ಹಾಗಾದರೆ ಯಾವ ಬಣ್ಣ? ಪೇಂಟರು ಬಾಗಿಲ ಹತ್ತಿರ ಕೆರೆದು ನೋಡಿದರು. ಮೇಲೆ ಕೆಂಪು. ಅದರ ಕೆಳಗೆ ಬಿಳಿ. ಅದರ ಕೆಳಗೆ ನೀಲಿ. ಎಲ್ಲಕ್ಕೂ ಕೆಳಗೆ ಸಿಪಾಯಿಯ ಹಸಿರು. ಆ ನೀಲಿ ಅಪ್ಪ 1968ರಲ್ಲಿ ಬಳಿಸಿದ್ದು.

ಬಣ್ಣಕ್ಕಿಂತ ದೊಡ್ಡದು ಮೆಟ್ಟಿಲಿನ ಪ್ರಶ್ನೆ. ದೊಡ್ಡ ಊರಿನ ಒಬ್ಬ ಸಂಗ್ರಾಹಕರು ಬಂದು ನೋಡಿ, “ಗಾಡಿ ಕೊಳ್ಳುತ್ತೇನೆ. ಆದರೆ ಕಾರ್ಖಾನೆಯಿಂದ ಬಂದ ಹಾಗೇ ಇರಬೇಕು. ಈ ಮೆಟ್ಟಿಲು, ಹಿಡಿ, ಹಿಂದಿನ ಬೆಂಚು ಎಲ್ಲ ಕತ್ತರಿಸಿ ತೆಗೆಯಬೇಕು” ಎಂದರು. ಅವರು ಹೇಳಿದ ಹಣ ತಮ್ಮನ ಮಗಳ ಕಾಲೇಜು ಫೀಸು ಕಟ್ಟಿ ಮಿಗುವಷ್ಟಿತ್ತು. ಮಾಸ್ತರರೂ ಅವರ ಪರವೇ. ಅವರ ವಾದದಲ್ಲೂ ಹುರುಳಿತ್ತು. 2021ರಲ್ಲಿ ಕೇಂದ್ರ ಸರಕಾರ ‘ವಿಂಟೇಜ್’ ವಾಹನಗಳಿಗೆಂದು ಬೇರೆ ನೋಂದಣಿ ತಂದಿತು. 50 ವರ್ಷ ಮೀರಿದ, ಮೂಲ ರೂಪ ಕೆಡದ ಗಾಡಿಗೆ ಮಾತ್ರ ‘ವಿಎ’ ಅಕ್ಷರಗಳಿರುವ ಆ ಫಲಕ. “ಮೂಲ ರೂಪ ಅಂದ್ರ ಮೂಲ ರೂಪ” ಎಂದು ಮಾಸ್ತರರು ಹಟ ಹಿಡಿದರು. ಎರಡು ಭಾನುವಾರ ಕೊಟ್ಟಿಗೆಯಲ್ಲಿ ಕೆಲಸವೇ ನಡೆಯಲಿಲ್ಲ.

ಅವ್ವ ಏನೂ ಅನ್ನಲಿಲ್ಲ. ಚಹಾ ಕೊಡಲು ಬಂದವಳು, “ತಗೀರೆಪಾ. ಆದ್ರ ನಾ ಏರಿ ಕುಂತ ಮ್ಯಾಲೆ ತಗೀರಿ. ಇಳಿಯೂ ಮುಂದ ಮತ್ತ ಹಚ್ಚರಿ” ಎಂದು ಹೇಳಿ ಒಳಗೆ ಹೋದಳು. ಹವಾಲ್ದಾರ್ ಕಾಕಾ ಎದ್ದು ಪಾನಾ ಕೈಗೆತ್ತಿಕೊಂಡರು. ಕೆಲಸ ಮತ್ತೆ ಸುರುವಾಯಿತು. ಮೆಟ್ಟಿಲು ಉಳಿಯಿತು. ಬಣ್ಣ ಅಪ್ಪನ ನೀಲಿ. ಬಾನೆಟ್ಟಿನ ಒಳಮೈಯಲ್ಲಿ ಮಾತ್ರ ಒಂದು ಅಂಗೈ ಅಗಲ ಹಳೆಯ ಹಸಿರನ್ನು ಕೆರೆಯದೆ ಹಾಗೇ ಬಿಟ್ಟಿದ್ದಾರೆ.

ಸಂಗ್ರಾಹಕರಿಗೆ ಮಾತ್ರ ತಮ್ಮ ಇನ್ನೂ ಇಲ್ಲ ಎಂದಿರಲಿಲ್ಲ. ಪ್ರವಾಸ ಮುಗಿಸಿ ಹೇಳುತ್ತೇನೆ ಎಂದಿದ್ದ. ಇದು ಈ ಜೀಪಿನ ಕೊನೆಯ ಪಯಣವೇ ಇರಬಹುದು ಎಂಬುದು ನಮಗೆಲ್ಲ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಆಡಲಿಲ್ಲ.

ಚೆನ್ನಮ್ಮನ ಊರುಗಳು

ಸಂಕ್ರಾಂತಿಯ ಮರುದಿನ ಬೆಳಿಗ್ಗೆ ಮೂರು ಗಾಡಿಗಳೂ ಹೊರಟವು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಎಣ್ಣೆಗಾಯಿ, ಗಡಿಗೆಯಲ್ಲಿ ಕೆನೆಮೊಸರು, ಡಬ್ಬಿಯಲ್ಲಿ ಮಾದಲಿ ನಮ್ಮ ಬುತ್ತಿ. ಮಂಡಳಿಯ ಬುತ್ತಿ ಬೇರೆ: ಫ್ಯಾನ್ ಬೆಲ್ಟು, ಪ್ಲಗ್ಗು, ಹೆಡ್ ಗ್ಯಾಸ್ಕೆಟ್ಟು, ಎರಡು ಕ್ಯಾನು ನೀರು, ಸುತಳಿ, ಸಾಬೂನು. ಸಾಬೂನು ಯಾಕೆಂದು ಕೇಳಿದೆ. ಪೆಟ್ರೋಲ್ ಟಾಕಿ ಸೋರಿದರೆ ಸದ್ಯಕ್ಕೆ ಮೆತ್ತಲಿಕ್ಕಂತೆ! ಈ ಜೀಪಿನ ಟಾಕಿಯಿರುವುದು ಚಾಲಕನ ಸೀಟಿನ ಅಡಿಯಲ್ಲೇ.

ಮೊದಲು ಬೈಲಹೊಂಗಲದಲ್ಲಿ ಕಿತ್ತೂರು ರಾಣಿ ಚೆನ್ನಮ್ಮನ ಸಮಾಧಿಗೆ ಹೂವೇರಿಸಿದೆವು. ಕಿತ್ತೂರು ಬಿದ್ದ ಮೇಲೆ ರಾಣಿಯನ್ನು ಸೆರೆಯಿಟ್ಟದ್ದು ಇಲ್ಲಿಯ ಕೋಟೆಯಲ್ಲಿ. ಆಕೆ 1829ರಲ್ಲಿ ಕೊನೆಯುಸಿರೆಳೆದದ್ದೂ ಇಲ್ಲೇ. ಪೇಟೆಯ ಗದ್ದಲದ ನಡುವೆ ಆ ಅಂಗಳ ತಣ್ಣಗಿದೆ. ಶಾಲೆಯ ಹುಡುಗಿಯರ ಒಂದು ಗುಂಪು ಸಮಾಧಿಗೆ ಕೈಮುಗಿದು ಹೊರಬಂದದ್ದೇ ನಮ್ಮ ಜೀಪಿಗೆ ಮುತ್ತಿಗೆ ಹಾಕಿತು.

ಅಲ್ಲಿಂದ ದಕ್ಷಿಣಕ್ಕೆ ಕಿತ್ತೂರು. ಜೀಪಿನ ವೇಗ ತಾಸಿಗೆ 40 ಕಿ.ಮೀ. ಅದಕ್ಕಿಂತ ಹೆಚ್ಚು ಓಡಿಸಿದರೆ ಮೈಯೆಲ್ಲ ನಡುಗುತ್ತದೆ. ಇಕ್ಕೆಲಗಳಲ್ಲಿ ಕಬ್ಬು, ಕಡಲೆ, ಹಿಂಗಾರಿ ಜೋಳ. ಕಬ್ಬು ಹೇರಿದ ಟ್ರ್ಯಾಕ್ಟರೊಂದು ಮುಂದೆ ತೆವಳುತ್ತಿತ್ತು. ತಮ್ಮ ಹಾರ್ನು ಒತ್ತಿದ. ಬಲಗಡೆಯ ಸೀಟಿನಿಂದ ಅವ್ವ ಕತ್ತು ಚಾಚಿ ನೋಡಿ, “ತಡಿ… ತಡಿ… ಹೂಂ, ಹೋಗು” ಎಂದಳು. ಹಿಂದೆ ಕೂತಿದ್ದ ನನಗೆ ಗಂಟಲು ಕಟ್ಟಿತು.

ಕಿತ್ತೂರಿನ ಕೋಟೆಯಲ್ಲಿ 1824ರ ಅಕ್ಟೋಬರ್ 23ರಂದು ನಡೆದದ್ದು ನಮ್ಮ ಮಕ್ಕಳಿಗೆಲ್ಲ ಬಾಯಿಪಾಠ. ಧಾರವಾಡದ ಕಲೆಕ್ಟರ್ ಥ್ಯಾಕರೆ ಅಂದು ಕೋಟೆಯ ಬಾಗಿಲಲ್ಲಿ ಬಿದ್ದ. ಆದರೆ ಡಿಸೆಂಬರಿನಲ್ಲಿ ಇಂಗ್ಲಿಷರು ದೊಡ್ಡ ದಂಡು ಕಟ್ಟಿಕೊಂಡು ಬಂದು ಕೋಟೆ ತೆಗೆದುಕೊಂಡರು. ಇಂದು ಅರಮನೆಯಲ್ಲಿ ಉಳಿದಿರುವುದು ದಪ್ಪ ಗೋಡೆಗಳು, ಅಂಗಳಗಳು, ನೀರಿನ ವ್ಯವಸ್ಥೆಯ ಕುರುಹುಗಳು, ಧ್ರುವ ನಕ್ಷತ್ರ ನೋಡಲೆಂದು ಗೋಡೆಯಲ್ಲಿ ಮಾಡಿದ ರಂಧ್ರ. ಪಕ್ಕದ ವಸ್ತುಸಂಗ್ರಹಾಲಯದಲ್ಲಿ ಕತ್ತಿ, ಕವಚ, ಕೆತ್ತನೆಯ ಮರದ ಬಾಗಿಲುಗಳನ್ನು ನೋಡಬಹುದು. ಅರಮನೆಯ ಪ್ರತಿರೂಪವೊಂದನ್ನು ಹೊಸದಾಗಿ ಕಟ್ಟಬೇಕೆಂಬ ಮಾತು ಕೆಲವು ವರ್ಷಗಳಿಂದ ಇದೆ. ಮಾಸ್ತರರು ಮುರಿದ ಗೋಡೆಯನ್ನು ಮುಟ್ಟಿ ನೋಡುತ್ತ, “ಇದು ಹಿಂಗ ಇರಲಿ ಬಿಡ್ರಿ. ಹೊಸಾದು ಕಟ್ಟಿದ್ರ ಇಲ್ಲಿ ಏನಾತು ಅಂತ ಹುಡುಗುರಿಗೆ ಹೆಂಗ ತಿಳೀತೈತಿ?” ಎಂದರು. ಹವಾಲ್ದಾರ್ ಕಾಕಾ ಮೆಲ್ಲಗೆ, “ಮಾಸ್ತರ, ಮೆಟ್ಟಲಾ ಮರತೀರೇನು?” ಎಂದರು. ಮಾಸ್ತರರು ಕಿವಿಯವರೆಗೆ ನಕ್ಕರು. ಆ ವಾದ ಅಲ್ಲಿಗೇ ಮುಗಿಯಿತು.

ಏಳುಕೊಳ್ಳದ ಏರಿನಲ್ಲಿ

ರಾತ್ರಿ ಊರಿಗೆ ಮರಳಿ, ಮರುದಿನ ಪೂರ್ವಕ್ಕೆ ಹೊರಟೆವು. ಬೈಲಹೊಂಗಲ ದಾಟಿ ಸೊಗಲ. ಬಂಡೆಗಳ ನಡುವಿನ ಸೋಮೇಶ್ವರ ಗುಡಿ, ಪಕ್ಕದಲ್ಲೇ ಜಲಪಾತ. ಮಳೆಗಾಲದಲ್ಲಿ ಬಂದರೆ ಅದರ ಅಬ್ಬರ ಕಾಣುತ್ತದೆ. ನಾವು ಹೋದಾಗ ನೀರು ಜಡೆಯಷ್ಟು ತೆಳ್ಳಗಿತ್ತು. ಅಲ್ಲಿ ಬುತ್ತಿ ಬಿಚ್ಚಿದೆವು.

ಮುಂದೆ ಮುನವಳ್ಳಿ ದಾಟಿದರೆ ನವಿಲುತೀರ್ಥ. ಎರಡು ಗುಡ್ಡಗಳ ಸಂದಿನಲ್ಲಿ ಹರಿಯುತ್ತಿದ್ದ ಮಲಪ್ರಭೆಗೆ 1970ರ ದಶಕದಲ್ಲಿ ಅಣೆಕಟ್ಟು ಕಟ್ಟಿ ರೇಣುಕಾಸಾಗರ ಮಾಡಿದರು. ಎಷ್ಟೋ ಹಳ್ಳಿಗಳ ಹೊಲಮನೆ ಆ ನೀರಿನ ಕೆಳಗಿವೆ. ಈಗ ಅದೇ ನೀರು ದೂರದ ಹುಬ್ಬಳ್ಳಿ-ಧಾರವಾಡದ ನಲ್ಲಿಗಳಿಗೂ ಹೋಗುತ್ತದೆ.

ಸವದತ್ತಿ ಒಂದು ಕಾಲಕ್ಕೆ ರಟ್ಟ ಅರಸರ ರಾಜಧಾನಿ, ಆಗಿನ ಹೆಸರು ಸುಗಂಧವರ್ತಿ. ಊರ ನೆತ್ತಿಯ ಮೇಲಿನ ಕೋಟೆ 18ನೆಯ ಶತಮಾನದಲ್ಲಿ ಸಿರಸಂಗಿಯ ದೇಸಾಯರು ಕಟ್ಟಿಸಿದ್ದು. ಕೊತ್ತಲದ ಮೇಲೆ ನಿಂತರೆ ಊರು, ಹೊಲ ಎಲ್ಲ ಹಾಸಿದ ಕೌದಿಯಂತೆ ಕಾಣುತ್ತವೆ.

ಮಧ್ಯಾಹ್ನ ಎಲ್ಲಮ್ಮನ ಗುಡ್ಡಕ್ಕೆ ಹೊರಟೆವು. ಏರಿನ ಅರ್ಧಕ್ಕೆ ಜೀಪು ಕೆಮ್ಮಿತು, ಮುಗ್ಗರಿಸಿತು, ನಿಂತಿತು. ತಮ್ಮ ಸ್ಟಾರ್ಟರ್ ಎಷ್ಟು ತುಳಿದರೂ ಗೊರಗೊರ ಸದ್ದಷ್ಟೆ. ಹಿಂದೆ ಬಸ್ಸು, ಟ್ರ್ಯಾಕ್ಟರು, ಚಕ್ಕಡಿಗಳ ಸಾಲು. ಭಂಡಾರ ಬಳಿದ ಹಣೆಯ ಜನ ಇಳಿದು ಬಂದು ಸಲಹೆ ಕೊಡತೊಡಗಿದರು. ತಮ್ಮ ಬೆವೆತುಹೋದ. ಅಷ್ಟರಲ್ಲಿ ಅವನ ಮಗಳು ಬಾನೆಟ್ಟು ಎತ್ತಿ ಕೊಳವೆ ಮುಟ್ಟಿ ನೋಡಿ, “ಪೆಟ್ರೋಲ್ ಕೊಳವ್ಯಾಗ ಆವಿ ಆಗೈತಿ ಅಪ್ಪಾ. ನೀರು ತರ್ರಿ, ಅರಿವಿ ತರ್ರಿ” ಎಂದಳು.

ಬಿಸಿಲು ಮತ್ತು ಎಂಜಿನ್ನಿನ ಕಾವು ಸೇರಿ, ಪೆಟ್ರೋಲು ಕಾರ್ಬೊರೇಟರಿಗೆ ತಲುಪುವ ಮೊದಲೇ ಕೊಳವೆಯಲ್ಲಿ ಆವಿಯಾಗಿಬಿಡುತ್ತದೆ. ಪಂಪು ಆವಿಯನ್ನು ಎಳೆಯಲಾರದು. ನಿಧಾನವಾಗಿ ಏರು ಹತ್ತುವಾಗ ಗಾಳಿ ಸಾಲದೆ ಹೀಗಾಗುತ್ತದಂತೆ. ಅವ್ವ ಹೆಗಲ ಮೇಲಿನ ಟವೆಲ್ಲನ್ನು ತೆಗೆದುಕೊಟ್ಟಳು. ತಣ್ಣೀರಿನಲ್ಲಿ ಅದ್ದಿ ಪಂಪಿಗೂ ಕೊಳವೆಗೂ ಸುತ್ತಿ ಹತ್ತು ನಿಮಿಷ ಕಾದೆವು. ಜ್ವರ ಬಂದ ಮಗುವಿನ ಹಣೆಗೆ ಪಟ್ಟಿ ಹಾಕಿದ ಹಾಗೆ! ಆಮೇಲೆ ಒಂದೇ ತುಳಿತಕ್ಕೆ ಎಂಜಿನ್ನು ಎದ್ದಿತು. ಸುತ್ತ ನೆರೆದ ಜನ “ಉಧೋ ಉಧೋ” ಎಂದು ಕೂಗಿದ್ದು ದೇವಿಗೋ, ಜೀಪಿಗೋ, ಹುಡುಗಿಗೋ ತಿಳಿಯಲಿಲ್ಲ.

ಗುಡ್ಡದಲ್ಲಿ ಅವ್ವ ಪಡ್ಡಲಗಿ ತುಂಬಿಸಿದಳು. ಈ ದೇವಿಯ ಹೆಸರಿನಲ್ಲಿ ಹೆಣ್ಣುಮಕ್ಕಳ ಬಾಳು ಹಾಳು ಮಾಡುತ್ತಿದ್ದ ದೇವದಾಸಿ ಪದ್ಧತಿಯನ್ನು ನಮ್ಮ ರಾಜ್ಯ 1982ರ ಕಾಯಿದೆಯಿಂದ ನಿಷೇಧಿಸಿತು. ಅವ್ವ ಅದನ್ನೂ ನೆನೆದಳು: “ತಾಯಿ ಯಾವತ್ತೂ ಮಕ್ಕಳ್ನ ಕೇಳಿರಲಿಲ್ಲವಾ, ಮಂದಿ ಕೇಳಿದ್ರು.” ದರ್ಶನ ಮುಗಿಸಿ ಬಂದು ಜೀಪಿನ ಬಾನೆಟ್ಟಿಗೂ ಭಂಡಾರ ಹಚ್ಚಿದಳು. ನೀಲಿಯ ಮೇಲೆ ಹಳದಿ ಚೆನ್ನಾಗಿಯೇ ಕಂಡಿತು.

ಸಿರಸಂಗಿ, ಮುಂದೆ ರಾಮದುರ್ಗ

ರಾತ್ರಿ ಸವದತ್ತಿಯಲ್ಲಿ ತಂಗಿ, ಬೆಳಿಗ್ಗೆ ಸಿರಸಂಗಿಗೆ ಹೋದೆವು. ಅಲ್ಲಿಯ ಕಾಳಿಕಾದೇವಿ ವಿಶ್ವಕರ್ಮರ, ಅಂದರೆ ಕಮ್ಮಾರ, ಬಡಿಗೇರ, ಅಕ್ಕಸಾಲಿಗರ ಕುಲದೇವತೆ. ಯುಗಾದಿಗೆ ದೊಡ್ಡ ಜಾತ್ರೆ. ತಮ್ಮೆಲ್ಲ ಆಸ್ತಿಯನ್ನು ವಿದ್ಯಾರ್ಥಿಗಳ ಓದಿಗೆ ಬಿಟ್ಟುಹೋದ ಲಿಂಗರಾಜ ದೇಸಾಯಿಯವರ ಊರೂ ಇದೇ. ಲೇತಿನ ಯಜಮಾನರು ಇಲ್ಲಿ ಕಾಯಿ ಒಡೆಸಿ, ಪ್ರಸಾದದ ಕುಂಕುಮವನ್ನು ತಂದು ಎಲ್ಲರಿಗಿಂತ ಮೊದಲು ಹಚ್ಚಿದ್ದು ಆ ಮೆಟ್ಟಿಲಿಗೆ. “ನಾವು ಮೂರು ವರ್ಷದಾಗ ಮಾಡಿದ ಕೆಲಸದಾಗ ತಪ್ಪು ಹುಡುಕಬಹುದು. ಆ ಕಮ್ಮಾರಂದು ಐವತ್ತು ವರ್ಷ ಆತು, ಒಂದು ರಿವೆಟ್ ಅಲುಗಿಲ್ಲ” ಎಂದರು.

ಅವ್ವ ಏರುವಾಗ ನಾನು ಕೈಕೊಡಲು ಹೋದೆ. ಬೇಡವೆಂದಳು. ಮುಂದಿನ ಸೀಟು ಸಾಕಾಗಿ, ಆಗ ಹಿಂದಿನ ಬೆಂಚಿಗೆ ಬಂದಿದ್ದಳು. ಎಡಗೈಯಿಂದ ಹಿಡಿ ಹಿಡಿದು, ಕೆಳಗೆ ನೋಡದೆಯೇ ಕಾಲಿಟ್ಟಳು. ಕಾಲು ಸರಿಯಾಗಿ ಮೆಟ್ಟಿಲ ಮೇಲೇ ಬಿತ್ತು. ತಮ್ಮ ಸ್ಟಿಯರಿಂಗ್ ಹಿಡಿದು ಕನ್ನಡಿಯಲ್ಲಿ ಅದನ್ನೇ ನೋಡುತ್ತಿದ್ದ.

ರಾಮದುರ್ಗ ಮಲಪ್ರಭೆಯ ದಂಡೆಯ ಊರು. 1948ರವರೆಗೆ ಭಾವೆ ಮನೆತನದ ಸಂಸ್ಥಾನ. 1939ರ ಏಪ್ರಿಲಿನಲ್ಲಿ ಇಲ್ಲಿ ಸಿಡಿದೆದ್ದ ಪ್ರಜೆಗಳು ಜೈಲು ಒಡೆದದ್ದು, ಪೊಲೀಸರು ಸತ್ತದ್ದು, ಆಮೇಲೆ ಜನ ಗಲ್ಲಿಗೇರಿದ್ದು, ಇವೆಲ್ಲ ಅವ್ವನ ತಂದೆ ಹೇಳುತ್ತಿದ್ದ ಕತೆಗಳು. ನೇಕಾರರ ಓಣಿಗಳಲ್ಲಿ ಮಗ್ಗದ ಸದ್ದು ಹಿಂದಿನಷ್ಟಿಲ್ಲ, ಆದರೆ ಪೂರ್ತಿ ನಿಂತಿಲ್ಲ. 2019ರ ಆಗಸ್ಟಿನ ಮಹಾಪೂರ ನದಿದಂಡೆಯ ಮನೆಗಳಿಗೆ ನುಗ್ಗಿತ್ತು. ಅವ್ವನ ತವರ ಮನೆಯ ಗೋಡೆಯಲ್ಲಿ ನೀರಿನ ಗೆರೆ ಇನ್ನೂ ಕಾಣುತ್ತದೆ.

ಓಣಿ ಜೀಪಿಗೆ ಸರಿಯಾಗಿ ಅಗಲ, ಒಂದು ಗೇಣೂ ಹೆಚ್ಚಿಲ್ಲ. ಸದ್ದು ಕೇಳಿ ಅವ್ವನ ತಮ್ಮ, ನಮ್ಮ ಸೋದರಮಾವ, ಕೋಲೂರಿ ಹೊರಗೆ ಬಂದರು. ಅವರಿಗೆ ಕಣ್ಣು ಮಂಜು. “ಯಾರದು? ಭಾವನ ಜೀಪ್ ಬಂದಂಗಾತಲ್ಲ!” ಎಂದರು. ಯಾರೂ ಸರಿಪಡಿಸಲಿಲ್ಲ. ಅವ್ವ ಮೆಟ್ಟಿಲಿಳಿದು ತಮ್ಮನ ಕೈ ಹಿಡಿದು ಒಳಗೆ ಹೋದಳು.

ಆ ಸಂಜೆ ನದಿಯ ದಂಡೆಯಲ್ಲಿ ನನ್ನ ತಮ್ಮ ಸಂಗ್ರಾಹಕರಿಗೆ ಫೋನು ಮಾಡಿದ. “ಕೊಡತೀನ್ರಿ, ಆದ್ರ ಮೆಟ್ಟಲಾ ಸಹಿತ, ನೀಲಿ ಬಣ್ಣಾ ಸಹಿತ ತಗೋಬೇಕು” ಎಂದ. ಅತ್ತಲಿಂದ ಸ್ವಲ್ಪ ಹೊತ್ತು ಮಾತಿಲ್ಲ. ಯೋಚಿಸಿ ತಿಳಿಸುತ್ತೇನೆ ಎಂದರಂತೆ. ಇಂದಿನವರೆಗೂ ತಿಳಿಸಿಲ್ಲ. ಮಗಳ ಫೀಸಿಗೆ ಬ್ಯಾಂಕಿನ ಸಾಲವಾಯಿತು. ತಿಂಗಳ ಕಂತಿನ ದಿನ ತಮ್ಮನ ಮುಖ ಸ್ವಲ್ಪ ಸಪ್ಪಗಿರುತ್ತದೆ ಎಂದು ಅತ್ತಿಗೆ ಹೇಳುತ್ತಾಳೆ. ಭಾನುವಾರ ಮಾತ್ರ ಸರಿಯಾಗಿರುತ್ತಾನಂತೆ. ಮಂಡಳಿಗೆ ಈಗ ಆರನೆಯ ಸದಸ್ಯಳಾಗಿ ಅವನ ಮಗಳು ಸೇರಿದ್ದಾಳೆ.

ಹೋಗುವವರಿಗೆ ಎರಡು ಮಾತು

ಜೀಪೇ ಬೇಕೆಂದಿಲ್ಲ. ಬೆಳಗಾವಿ ಅಥವಾ ಧಾರವಾಡದವರೆಗೆ ರೈಲಿನಲ್ಲಿ ಬಂದರೆ ಈ ನಾಲ್ಕೂ ಊರುಗಳಿಗೆ ವಾಯವ್ಯ ಕರ್ನಾಟಕ ಸಾರಿಗೆಯ ಬಸ್ಸುಗಳಿವೆ. 2023ರ ಜೂನ್‌ನಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಚಿಂತೆಯಿಲ್ಲ. ಗುರುತಿನ ಚೀಟಿ ಇರಲಿ. ಕಿತ್ತೂರು ಉತ್ಸವ ಅಕ್ಟೋಬರ್ 23ರಿಂದ ನಡೆಯುತ್ತದೆ. ಹುಣ್ಣಿಮೆಗಳಲ್ಲಿ, ಅದರಲ್ಲೂ ಬನದ ಹುಣ್ಣಿಮೆ ಮತ್ತು ಭಾರತ ಹುಣ್ಣಿಮೆಗಳಲ್ಲಿ ಎಲ್ಲಮ್ಮನ ಗುಡ್ಡದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ವಯಸ್ಸಾದವರಿದ್ದರೆ ಬೇರೆ ದಿನ ಆರಿಸಿಕೊಳ್ಳಿ. ಬುತ್ತಿಗೆ ಸಜ್ಜೆ ರೊಟ್ಟಿ ಉತ್ತಮ, ಮೂರು ದಿನ ಕೆಡದು.

ನಿಮ್ಮ ಮನೆಯ ಹಿತ್ತಲಲ್ಲೂ ಹಳೆಯ ಗಾಡಿಯೊಂದು ತುಕ್ಕು ಹಿಡಿಯುತ್ತಿದ್ದರೆ ಗುಜರಿಗೆ ಹಾಕುವ ಮುನ್ನ ಮನೆಯ ಹಿರಿಯ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಅದರ ಕತೆ ಕೇಳಿ. ಎಲ್ಲಿ ಏನು ಕೂಡಿಸಿದ್ದರು, ಯಾಕೆ ಕೂಡಿಸಿದ್ದರು ಎಂಬುದು ಅವರಿಗೆ ನೆನಪಿರುತ್ತದೆ.